ಸಕ್ರವ್ವನ ಎದೆಯ ಹೊಲಿಗೆ

ಟಿಕೋಟಾದಲ್ಲಿ ನನ್ನ ಕೈಯಿಂದ ಕುಬಸ ಹೊಲಿಸಿಕೊಳ್ಳದ ಹೆಣ್ಣುಮಕ್ಕಳು ಆ ಕಾಲಕ್ಕೆ ಕಡಿಮೆ. ಸಾಲಿಯ ಹೊಸ್ತಿಲು ದಾಟಿದವಳಲ್ಲ ನಾನು. ಅಕ್ಷರವನ್ನೂ ಕತ್ತರಿಯನ್ನೂ ಕಂಡವರ ಕೈ ನೋಡಿ ನೋಡಿ ಕಲಿತೆ, ಎರಡೂ ನನ್ನನ್ನು ಇಂದಿನವರೆಗೆ ಕೈಬಿಟ್ಟಿಲ್ಲ. ಕುಬಸದ ಬಟ್ಟೆ, ಖಣ ತಂದವಳು ಎದುರಿಗೆ ಒಂದು ಗಳಿಗೆ ನಿಂತರೆ ಸಾಕು, ಅವಳ ಅಳತೆ ನನ್ನ ಕಣ್ಣಿಗೆ ಹತ್ತಿಬಿಡುತ್ತಿತ್ತು. ಸಕ್ರವ್ವ ಮಾತ್ರ ಎದುರಿಗೆ ನಿಲ್ಲುತ್ತಿರಲಿಲ್ಲ. ಹಳೆಯ ಕುಬಸವನ್ನು ಸೆರಗಿನಲ್ಲಿ ಸುತ್ತಿ ತಂದು, ಹೊಸ ಖಣದ ಜೊತೆ ನನ್ನ ಮಡಿಲಿಗೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದಳು.

"ಇದಕಿಂತ ಚೂರು ಸಡ್ಲ ಮಾಡ ಬೇ ಗುರಸಿದ್ದಕ್ಕಾ."

"ಇದಕಿಂತ ಸಡ್ಲ ಅಂದ್ರ ಕುಬಸ ಅಲ್ಲ, ಗುಡಾರ ಆಗತೈತಿ."

"ಗುಡಾರನ ಹೊಲಿ. ಕುರುಬರಾಕಿಗೆ ಗುಡಾರ ಹೊಸದೇನ?"

ಹೀಗೆ ನಗುತ್ತಿದ್ದಳು. ಆದರೆ ನಗುವಾಗಲೂ ಒಂದು ಕೈ ಕುತ್ತಿಗೆಯ ಹಿಂದೆ ಇರುತ್ತಿತ್ತು. ಅಲ್ಲಿ ಅವಳಿಗೆ ಸದಾ ನೋವು.

ಸಕ್ರವ್ವ ಕುರಿ ಸಾಕುವ ಅಮೋಘಿಯ ಹೆಂಡತಿ. ಕಳ್ಳಕವಟಗಿಗೆ ಹೋಗುವ ದಾರಿಯ ಬದಿಗೆ, ಊರು ಮುಗಿಯುವಲ್ಲಿ ಅವರ ಮನೆ. ಅಮೋಘಿ ವರ್ಷದ ಹೆಚ್ಚು ಕಾಲ ಹಿಂಡಿನ ಬೆನ್ನಿಗೆ ಬಯಲಲ್ಲಿ ಇರುತ್ತಿದ್ದ. ಮನೆಯಲ್ಲಿ ಇವಳು, ಇವಳ ಮೂವರು ಗಂಡುಮಕ್ಕಳು ಮತ್ತು ಅತ್ತೆ ಸಾವಂತ್ರವ್ವ. ಮದುವೆಯಾಗಿ ಬಂದಾಗಲೇ ಸಕ್ರವ್ವನದು ತುಂಬಿದ ಎದೆ. ಮೂರು ಮಕ್ಕಳು ಒಂದರ ಬೆನ್ನಿಗೊಂದು ಕುಡಿದ ಮೇಲೆ ಮೊಲೆಗಳು ಹೊಕ್ಕಳಿನ ತನಕ ಇಳಿದು ಜೋತುಬಿದ್ದವು. ಈ ಮಾತು ಓದಿ ಮುಖ ಮುಚ್ಚಿಕೊಳ್ಳುವವರು ಇಲ್ಲಿಗೇ ಎದ್ದು ಹೋಗಲಿ. ಮೊಲೆ ಎಂಬ ಮಾತಿಗೆ ನಾಚುವವರಿಗಾಗಿ ನಾನು ಇದನ್ನು ಬರೆಯುತ್ತಿಲ್ಲ.

ಇಳಿದಿದ್ದಷ್ಟೇ ಆಗಿದ್ದರೆ ಯಾರ ಮನೆಯಲ್ಲಿ ಇಲ್ಲದ್ದು ಅದು? ಭಾರ ಹೇಳತೀರದು. ಬೇಸಿಗೆಯಲ್ಲಿ ಅಡಿಯ ಚರ್ಮ ಬೆವತು ಬೆಂದು ಕೆಂಪಾಗುತ್ತಿತ್ತು, ಒಮ್ಮೊಮ್ಮೆ ಕೀವಾಗುತ್ತಿತ್ತು. ಕಸ ತೆಗೆಯಲು ಬಗ್ಗಿದರೆ ಎದೆಯೇ ಅವಳನ್ನು ಮಣ್ಣಿಗೆ ಎಳೆಯುತ್ತಿತ್ತು. ಕಡೆಗೆ ಅವಳೊಂದು ಉಪಾಯ ಮಾಡಿದಳು. ಮರಿಗೆ ಹಾಲು ಬಿಡಿಸುವಾಗ ಕುರುಬರು ತಾಯಿಕುರಿಯ ಕೆಚ್ಚಲಿಗೆ ಚೀಲ ಕಟ್ಟುತ್ತಾರಲ್ಲ, ಅದೇ ಮಾದರಿಯಲ್ಲಿ ಉಣ್ಣೆಯ ಪಟ್ಟಿಯೊಂದನ್ನು ನೇಯ್ದು, ಎದೆಯ ಅಡಿಯಿಂದ ಹಾಯಿಸಿ ಕುತ್ತಿಗೆಗೆ ಜೋತುಹಾಕಿಕೊಂಡಳು. ಭಾರ ಎದೆಯಿಂದ ಕುತ್ತಿಗೆಗೆ ದಾಟಿತು, ಅಷ್ಟೇ. ಒರಟು ಉಣ್ಣೆ ತಿಕ್ಕಿ ತಿಕ್ಕಿ ಅಲ್ಲಿಯೂ ಹುಣ್ಣಾಯಿತು.

ಬಾವಿಯ ಕಟ್ಟೆಯ ಮೇಲೆ ಒಕ್ಕಲಿಗರ ಶಂಕ್ರೆವ್ವ ಆ ಪಟ್ಟಿಯನ್ನು ನೋಡಿಬಿಟ್ಟಳು.

"ಏನ ಸಕ್ರಿ, ಮರಿ ಬಿಡಿಸಾಕ ಚೀಲ ಕಟ್ಟೀಯೇನ ಬೇ?"

ಹೆಂಗಸರೆಲ್ಲ ಕೊಡ ಇಳಿಸಿ ನಕ್ಕರು. ಸಕ್ರವ್ವ ಹಗ್ಗ ಜಗ್ಗುತ್ತಲೇ ಹೇಳಿದಳು, "ಹೂಂನ ಯವ್ವಾ. ನಿನ್ನ ಗಂಡ ಹಿಂದ ಹಿಂದ ಬರಾಕತ್ತಿದ್ದ, ಅದಕ ಕಟ್ಟೀನಿ."

ಶಂಕ್ರೆವ್ವ ತನ್ನ ಕೊಡ ಎತ್ತಿಕೊಂಡು ಹೊರಟಳು. ಆದರೆ ಸಕ್ರವ್ವ ತುಂಬಿದ ಕೊಡವನ್ನು ನೇರ ನನ್ನ ಮನೆಗೆ ತಂದು ಇಳಿಸಿ, ಗೋಡೆಯ ಕಡೆ ಮುಖ ಮಾಡಿ ಅತ್ತಳು. ಜಗಳದಲ್ಲಿ ಗೆದ್ದು ಬಂದು ಅಳುವವಳನ್ನು ಸಮಾಧಾನ ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ.

ದೊಡ್ಡ ಯುದ್ಧ ಮುಗಿದು ಪಲ್ಟಣದವರು ಊರಿಗೆ ಬರುತ್ತಿದ್ದ ಕಾಲ ಅದು. ಅಮೋಘಿಯ ತಮ್ಮ ಸಿದ್ದರಾಯನೂ ಬಂದ. ಅವನ ದವಡೆಯ ಒಂದು ಬದಿ ಗುಂಡಿಗೆ ಹಾರಿಹೋಗಿತ್ತಂತೆ. ಅದನ್ನು ಎಲುಬು ಕೂಡಿಸಿ, ತೊಡೆಯ ಚರ್ಮ ತೆಗೆದು ಹಚ್ಚಿ, ರೊಟ್ಟಿ ತಿನ್ನುವಂತೆ ಮಾಡಿದ್ದರು. ಹೊಲಿಗೆಯ ಗುರುತು ಕಂಡರೂ ಮುಖ ಮುಖವಾಗಿಯೇ ಇತ್ತು. ಒಂದು ದಿನ ಸಾವಂತ್ರವ್ವ ಸೊಸೆಯ ಹುಣ್ಣಿಗೆ ಬೇವಿನೆಣ್ಣೆ ಹಚ್ಚುತ್ತಿರುವಾಗ ಸಕ್ರವ್ವ ಚೀರಿದ್ದನ್ನು ಅವನು ಪಡಸಾಲೆಯಿಂದ ಕೇಳಿದ.

"ಯವ್ವಾ, ನನ್ನ ಮಾರಿ ಹೊಲದ ಡಾಕ್ಟರು ಪಲ್ಟಣ ಬಿಟ್ಟು ಇಜಾಪುರದಾಗ ದವಾಖಾನಿ ತಗದಾನ" ಎಂದ. "ಹರದ ಮಾರಿ ಕೂಡಸಾಂವಗ ಇಳದ ಎದಿ ಏರಸೂದು ಎಷ್ಟರದು? ವೈನಿನ್ನ ಕರಕೊಂಡು ಹೋಗ್ರಿ."

"ಬಾಯಿ ಮುಚ್ಚಲೇ. ವೈನಿ ಎದಿ ಮಾತು ನಿನಗ್ಯಾಕ?"

"ದವಡಿನ ಹೊಲದಾರ, ಹ್ಯಾಂಗ ಮುಚ್ಚಲಿ?" ಎಂದು ಅವನು ಎದ್ದು ಹೋದ.

ಬೈದಳೇ ಹೊರತು ಸಾವಂತ್ರವ್ವ ಆ ಮಾತನ್ನು ಬಿಡಲಿಲ್ಲ. ಕೆಟ್ಟ ಅತ್ತೆಯಲ್ಲ ಅವಳು. ಸೊಸೆಯ ಹುಣ್ಣನ್ನು ತನ್ನ ಕೈಯಿಂದಲೇ ತೊಳೆಯುತ್ತಿದ್ದವಳು. ಮುಂಗಾರು ಹದವಾಗಿ ಬಿದ್ದ ಮೇಲೆ, ಅಮೋಘಿಯ ಕಿವಿಗೂ ಹಾಕಿ, ಒಂದು ಮುಂಜಾನೆ ಬಂಡಿ ಕಟ್ಟಿಸಿದಳು. ಜೊತೆಗೆ ನನ್ನನ್ನೂ ಹತ್ತಿಸಿಕೊಂಡಳು.

ತೊರವಿಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತೆವು. ಬೇವಿನ ನೆರಳಲ್ಲಿ ಕೂತಿದ್ದ ಒಬ್ಬ ಮುದುಕ ಕಂಬಳಿ ನೋಡಿ ಕುರುಬರೆಂದು ತಿಳಿದು ಮಾತಿಗೆ ತೊಡಗಿದ.

"ಎಷ್ಟ ಅದಾವಬೇ ನಿಮ್ಮ ಕುರಿ?"

"ಎಲ್ಲಿ ಕುರಿ ಯಪ್ಪಾ, ನಾಕ ಮುದುಕ ತಲಿ ಅದಾವ" ಎಂದಳು ಸಾವಂತ್ರವ್ವ.

"ಗಬ್ಬ ಏನರ ಅದಾವೇನು?"

"ಎಲ್ಲಿ ಗಬ್ಬ! ಎಲ್ಲಾ ಗೊಡ್ಡ ನೋಡಪಾ, ಎಲ್ಲಾ ಮುಗದೈತಿ."

ಸಕ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದಳು. ಅವರ ಹಿಂಡು ಟಿಕೋಟಾದ ದೊಡ್ಡ ಹಿಂಡುಗಳಲ್ಲಿ ಒಂದು. ಆ ಹೊತ್ತಿಗೆ ಅರ್ಧಕ್ಕೆ ಮಿಕ್ಕಿ ಕುರಿಗಳು ಗಬ್ಬ ತುಂಬಿ ನಿಂತಿದ್ದವು. ಆದರೆ ಕುರುಬರಲ್ಲಿ ಇದು ಸುಳ್ಳಲ್ಲ. ಇರುವ ತಲೆಯನ್ನು, ಬರಲಿರುವ ಮರಿಯನ್ನು ಪರರ ಮುಂದೆ ಹೌದೆಂದು ಒಪ್ಪಿದರೆ ದೃಷ್ಟಿ ತಾಗುತ್ತದೆ, ದಿನ ತುಂಬುವ ಮೊದಲೇ ಕುರಿ ಕಂದು ಹಾಕುತ್ತದೆ ಎಂದು ಅವರ ನಂಬಿಕೆ. ಮೊಸರಿನ ಗಡಿಗೆಗೆ ಬಟ್ಟೆ ಮುಚ್ಚಿದಂತೆ, ಇಲ್ಲ ಎಂಬ ಮಾತನ್ನು ಮೇಲೆ ಹೊದಿಸಿ ಇಡುತ್ತಾರೆ. ಕೇಳಿದವನಿಗೂ ಅದು ತಿಳಿದಿರುತ್ತದೆ. ತೊರವಿಯ ಮುದುಕ ತಲೆಯಾಡಿಸಿ, "ಚಲೋ ಆತು, ಹಾಂಗ ಇರಲಿ" ಎಂದು ಹರಸಿ ಕಳಿಸಿದ.

ವಿಜಾಪುರದ ದವಾಖಾನೆ ಕೋಟೆಗೋಡೆಯ ಒಳಗೆ, ಪೇಟೆಯ ಹಿಂದಿನ ಓಣಿಯಲ್ಲಿತ್ತು. ಡಾಕ್ಟರು ಧಾರವಾಡದ ಕಡೆಯವರು, ಮಾತು ಕಡಿಮೆ. ಪರದೆಯ ಹಿಂದೆ ಸಕ್ರವ್ವನನ್ನು ನೋಡಿದರು. ಸಾವಂತ್ರವ್ವ ಒಳಗೆ ನಿಂತಿದ್ದಳು, ನಾನು ಗಂಟು ಹಿಡಿದು ಈಚೆ ಬಾಕಿನ ಮೇಲೆ. ಅವರ ಮಾತು ನನಗೆ ಸ್ವಚ್ಛ ಕೇಳುತ್ತಿತ್ತು.

"ನೋಡ್ರಿ ಬಾಯಿ, ಇದು ಜೀವ ಉಳಿಸೋ ಆಪರೇಶನ್ ಅಲ್ಲ. ಮಾಡಿಸದಿದ್ರ ಯಾರೂ ಸಾಯಂಗಿಲ್ಲ. ಮಾಡಿಸಿದ್ರ ಭಾರ ಇಳೀತದ, ಹುಣ್ಣು ನಿಲ್ತದ. ಆದ್ರ ಕೊಯ್ದ ಗೆರಿ ಸಾಯೂತನಕ ಇರ್ತಾವ."

"ಗೆರಿ ಯಾರ ನೋಡ್ತಾರ್ರಿ ಸಾಹೇಬ, ಕುಬಸದಾಗ ಇರ್ತಾವ" ಎಂದಳು ಸಕ್ರವ್ವ.

"ತೊಟ್ಟಿನ ಹತ್ರ ಚರ್ಮ ಜೋಮು ಹಿಡೀಬಹುದು. ಮುಟ್ಟಿದ್ದು ತಿಳೀಲಿಕ್ಕಿಲ್ಲ."

"ತಿಳೀದಿದ್ರ ಚಲೋನ ಆತಲ್ರಿ. ಈಗ ತಿಳಿಯೂದ ಭಾಳ ಆಗೇತಿ."

ಡಾಕ್ಟರು ನಕ್ಕಂತೆ ಕೇಳಿಸಿತು. ವಯಸ್ಸಾದಂತೆ, ಮೈ ಏರಿಳಿದಂತೆ ಎದೆ ಮತ್ತೆ ಇಳಿಯಬಹುದು ಎಂದೂ ಹೇಳಿದರು. ಸಣ್ಣ ಹುಡುಗ ಹಾಲು ಬಿಟ್ಟಿದ್ದಾನೆಯೇ ಎಂದು ಕೇಳಿದರು. ಸುಗ್ಗಿಗೇ ಬಿಟ್ಟಿದ್ದಾನೆ ಎಂದು ಅತ್ತೆ ಹೇಳಿದಳು.

"ಇನ್ನೊಂದು ಮಾತು ಕೇಳತೀನಿ, ಸರಿಯಾಗಿ ಹೇಳ್ರಿ. ಇನ್ನ ಮಕ್ಕಳಾಗೋದು ಐತೇನು? ಮನಸಿನ್ಯಾಗ ಐತೇನು?"

ಸೊಸೆಗೆ ಮುಂಚೆ ಅತ್ತೆಯೇ ಬಾಯಿ ತೆರೆದಳು. ಸಾವಂತ್ರವ್ವನ ದನಿ, ತೊರವಿಯಲ್ಲಿ ಕೇಳಿದ್ದ ಅದೇ ದನಿ.

"ಎಲ್ಲಿ ಮಕ್ಕಳ್ರಿ ಯಪ್ಪಾ. ಎಲ್ಲಾ ಮುಗದೈತಿ. ಗೊಡ್ಡ ಆಗ್ಯಾಳ ಆಕಿ."

"ಖರೇನ?"

"ನನಗ ತಿಳೀದೇನ್ರಿ?"

"ಹಾಂಗಿದ್ರ ಚಿಂತಿ ಇಲ್ಲ" ಎಂದರು ಡಾಕ್ಟರು. ಮುಂದೆ ಹೇಳಬೇಕಾಗಿದ್ದ ಮಾತು ಅವರ ಬಾಯಲ್ಲೇ ಉಳಿಯಿತು. ಮಕ್ಕಳು ಮುಗಿದವಳಿಗೆ ಅದರ ಅಗತ್ಯವೇನು? ಸಕ್ರವ್ವನಿಗೆ ತನ್ನ ಬಸಿರು ಮುಗಿದಿಲ್ಲವೆಂದು ಗೊತ್ತಿತ್ತು. ಆದರೆ ಹೊರಗಿನ ಗಂಡಸಿನ ಎದುರು ಅತ್ತೆ ಹೊದಿಸಿದ ಬಟ್ಟೆಯನ್ನು ಸೊಸೆ ಹೇಗೆ ಎಳೆದಾಳು? ಆ ಬಟ್ಟೆ ಡಾಕ್ಟರ ಕಣ್ಣನ್ನು ಮುಚ್ಚಿತೆಂದು ಅತ್ತೆಗೂ ಹೊಳೆಯಲಿಲ್ಲ, ಸೊಸೆಗೂ ಹೊಳೆಯಲಿಲ್ಲ.

ಮೈಯಲ್ಲಿ ರಕ್ತ ಕಡಿಮೆಯಿದೆ ಎಂದು ಔಷಧ ಕೊಟ್ಟು ಕಳಿಸಿ, ಮೈ ಹಿಡಿದ ಮೇಲೆ ಕರೆಸಿಕೊಂಡು ಆಪರೇಶನ್ ಮಾಡಿದರು. ಮೂಗಿಗೆ ಔಷಧ ಹಿಡಿದಾಗ ಅವಳು ಮನೆದೇವರನ್ನು ನೆನೆದು "ಅಮೋಗಸಿದ್ಧಾ" ಎಂದು ಕೂಗಿದ್ದು ಓಣಿಗೆ ಕೇಳಿತು. ಎಚ್ಚರವಾದ ಮೇಲೆ ನನ್ನನ್ನು ಮೊದಲು ಕೇಳಿದ್ದು, "ಏರ್‍ಯಾವೇನ ಯಕ್ಕಾ?"

ಪಟ್ಟಿ ಬಿಚ್ಚಿದ ಮೇಲೆ ನಾನು ನೋಡಿದೆ. ತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ನೆಟ್ಟಗೆ ಕೆಳಗೆ ಒಂದು, ಅಡಿಯಲ್ಲಿ ಅಡ್ಡ ಒಂದು. ಹೆಚ್ಚಿನ ಬಟ್ಟೆ ಕತ್ತರಿಸಿ ಎರಡು ಬದಿ ಕೂಡಿಸಿ ಕುಬಸದ ಎದೆಗೆ ನಾನು ಕೊಡುವ ಹೊಲಿಗೆಯೂ ಹೀಗೆಯೇ. ಡಾಕ್ಟರ ಹೊಲಿಗೆಯ ಟಾಕು ನನ್ನ ಟಾಕಿಗಿಂತ ಸಣ್ಣದಾಗಿತ್ತು, ಒಪ್ಪಿಕೊಳ್ಳಬೇಕಾದ ಮಾತು.

ಬಹಳ ದಿನ ಕೈ ಮೇಲೆತ್ತಬಾರದು, ಭಾರ ಹೊರಬಾರದು ಎಂದಿದ್ದರು. ಸಾವಂತ್ರವ್ವ ತಾನೇ ನೀರು ಹೊತ್ತಳು, ತಾನೇ ರೊಟ್ಟಿ ಬಡಿದಳು, ಸೊಸೆಯ ತಲೆ ತಾನೇ ಬಾಚಿದಳು. ಗಾಯ ಮಾಯ್ದ ಮೇಲೆ ಸಕ್ರವ್ವ ಖಣ ತಂದಳು. ಹಳೆಯ ಕುಬಸ ತಂದಿರಲಿಲ್ಲ. ಬಂದು ನನ್ನ ಎದುರಿಗೆ ನೆಟ್ಟಗೆ ನಿಂತಳು.

"ನೋಡ ಬೇ, ಅಳತಿ ತಗೋ."

ಅಷ್ಟು ವರ್ಷಗಳಲ್ಲಿ ಅವಳ ಕುತ್ತಿಗೆ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ. ಉಣ್ಣೆಯ ಪಟ್ಟಿಯನ್ನು ಬಿಚ್ಚಿ ಎಮ್ಮೆ ಕಟ್ಟುವ ಹಗ್ಗಕ್ಕೆ ಹುರಿ ಹೊಸೆದುಬಿಟ್ಟಳು. ಬಾವಿಯ ಕಟ್ಟೆಯ ಮೇಲೆ ಶಂಕ್ರೆವ್ವ ಹೊಸ ಕುಬಸ ನೋಡಿ, "ಯಾರಕಿ ಈ ಹುಡುಗಿ?" ಎಂದು ಕೇಳಿದಳಂತೆ. ಮಳೆಗಾಲ ಮುಗಿಯುವ ಮೊದಲು ಅಮೋಘಿ ಮನೆಗೆ ಬಂದ. ಆ ಸಲ ಹಿಂಡಿಗೆ ಮರಳಲು ತಡಮಾಡಿದ.

ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ಸಕ್ರವ್ವ ಹೆಣ್ಣು ಹಡೆದಳು. ಸೂಲಗಿತ್ತಿ ಬೋರವ್ವ ಕೂಸನ್ನು ಎತ್ತಿ ತೋರಿಸಿದಾಗ ಸಾವಂತ್ರವ್ವ ಗೋಡೆಯ ನಾಗೊಂದಿಗೆಯ ಮೇಲಿಂದ ಗಂಟು ಹಾಕಿದ ಹಸಿರು ಬಟ್ಟೆಯ ಚೂರೊಂದನ್ನು ತೆಗೆದಳು. ಆ ಗಂಟು ಅವಳು ಅಮೋಗಸಿದ್ಧನಿಗೆ ಹೊತ್ತ ಹರಕೆ. ಅವಳ ತವರು ಬಬಲೇಶ್ವರದ ಕಡೆಯ ಕಾಖಂಡಕಿ. ಅಣ್ಣನ ಮೊಮ್ಮಗನಿಗೆ ತನ್ನ ಮನೆಯ ಹೆಣ್ಣು ಹೋಗಬೇಕು, ತವರಿನ ದಾರಿಯಲ್ಲಿ ಮುಳ್ಳು ಬೆಳೆಯಬಾರದು ಎಂದು, ಮೂರನೆಯ ಗಂಡು ಹುಟ್ಟಿದಾಗಲೇ ಹೆಣ್ಣನ್ನು ಬೇಡಿಕೊಂಡಿದ್ದಳು. ಈಡೇರುವ ತನಕ ಹರಕೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅವಳು ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ. ಈಗ ಗಂಟು ಬಿಚ್ಚುತ್ತ ನಕ್ಕಳು, ಅತ್ತಳು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಕೂಸು ಮೊಲೆಗೆ ಬಾಯಿ ಹಾಕಿತು, ಜಗ್ಗಿತು, ಬಿಟ್ಟು ಅತ್ತಿತು. ಮೊದಮೊದಲು ಹಾಗೆಯೇ, ಬರುತ್ತದೆ ಎಂದಳು ಬೋರವ್ವ. ಹಾಲು ಬರಲೆಂದು ಆಳ್ವಿ ಪಾಯಸ ಮಾಡಿ ಉಣಿಸಿದೆವು, ಸಬ್ಬಸಗಿ, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ಕೊಟ್ಟೆವು. ಬಲಗಡೆ ಹಾಲು ಇಳಿಯಿತು, ಆದರೆ ಹೊರಗೆ ಬರಲಿಲ್ಲ. ಒಳಗೆ ಕಟ್ಟಿ ಕಲ್ಲಾಗಿ, ಸಕ್ರವ್ವನಿಗೆ ಜ್ವರ ಏರಿತು. ಎಡಗಡೆ ಏನೂ ಇಲ್ಲ. ಬೋರವ್ವ ಬಿಸಿ ಬಟ್ಟೆ ಒತ್ತಿದಳು, ನೀವಿದಳು. ಅಮೋಘಿ ತಾಯಿಕುರಿಯ ಕೆಚ್ಚಲು ಬಿಡಿಸಲು ತನಗೆ ಗೊತ್ತಿದ್ದ ಸೊಪ್ಪುಗಳನ್ನೆಲ್ಲ ಅರೆದು ತಂದು ಹೊಸ್ತಿಲಾಚೆ ಇಟ್ಟ. ತೊಟ್ಟಿನಿಂದ ಒಂದು ಹನಿ ಹೊರಡಲಿಲ್ಲ. ಕೂಸಿನ ಅಳು ದಿನದಿನಕ್ಕೆ ಸಣ್ಣಗಾಗುತ್ತ ಬಂತು. ದೊಡ್ಡ ಅಳುವನ್ನು ತಾಳಬಹುದು. ಸಣ್ಣಗಾಗುವ ಅಳುವನ್ನು ಕೂತು ಕೇಳುವುದಿದೆಯಲ್ಲ, ಅದು ಯಾರಿಗೂ ಬೇಡ.

ಓಣಿಯ ಮಾಬುಬಿ ತನ್ನ ಕೂಸನ್ನು ಒಂದು ಮಗ್ಗುಲಿಗೆ, ಇದನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಕುಡಿಸಿದಳು. ಅವಳಿಂದ ಕೂಸಿನ ಜೀವ ಉಳಿಯಿತು. ಕೂಸು ಅಷ್ಟು ಗಟ್ಟಿಯಾದ ಮೇಲೆ ಮತ್ತೆ ಬಂಡಿ ಕಟ್ಟಿದೆವು.

ಡಾಕ್ಟರು ಕೂಸನ್ನು ನೋಡಿ ಕುರ್ಚಿಯಲ್ಲಿ ಕೂತುಬಿಟ್ಟರು.

"ನಾ ಕೇಳಿದ್ದೆನಲ್ಲ ಬಾಯಿ. ಇನ್ನ ಮಕ್ಕಳಾಗೋದೈತೇನು ಅಂತ ಕೇಳಿದ್ದೆ. ಮುಗದೈತಿ ಅಂದ್ರಿ."

"ಅಂದಿದ್ನಿರಿ" ಎಂದಳು ಸಾವಂತ್ರವ್ವ.

"ಈ ಆಪರೇಶನ್ನದಾಗ ಹಾಲಿನ ನಾಳ ಕಡೀಬಹುದು. ಮುಂದ ಕೆಲವರಿಗೆ ಹಾಲು ಬರ್ತದ, ಕೆಲವರಿಗೆ ಬರಂಗಿಲ್ಲ. ಯಾರಿಗೆ ಅಂತ ಮುಂಚೆ ಹೇಳಾಕ ಆಗಂಗಿಲ್ಲ. ಇನ್ನೊಂದು ಕೂಸು ಬೇಕು ಅಂದಿದ್ರ, ಹಡದು ಹಾಲು ಬಿಡಿಸಿ ಆಮ್ಯಾಲೆ ಬರ್ರಿ ಅಂತಿದ್ದೆ. ಕತ್ತರಿ ಮುಟ್ಟತಿದ್ದಿಲ್ಲ."

ಸಾವಂತ್ರವ್ವ ಡಾಕ್ಟರ ಎದುರು ಸೆರಗು ಒಡ್ಡಿದಳು. "ದೃಷ್ಟಿ ಆಗಬಾರದಂತ ಅಂದಿದ್ನಿರಿ ಯಪ್ಪಾ. ಕೂಸು ಬೇಡಿಕೊಂಡಿದ್ನಿ. ಬೇಡಿಕೊಂಡದ್ದನ್ನ ಹ್ಯಾಂಗ ಹೌದನ್ನಲಿ?"

ಡಾಕ್ಟರಿಗೆ ಆ ಮಾತು ಅರ್ಥವಾಯಿತೋ ಇಲ್ಲವೋ. ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಕ್ರವ್ವ ಸೆರಗು ಸರಿಸಿದಳು. ಹೊರಗಿನ ಗಂಡಸೆಂಬ ನಾಚಿಕೆ ಅವಳಲ್ಲಿ ಉಳಿದಿರಲಿಲ್ಲ.

"ಬಿಚ್ಚಿ ಹೊಲೀರಿ ಸಾಹೇಬ" ಎಂದಳು.

"ಏನು?"

"ಹೊಲಿಗಿ ಬಿಚ್ರಿ. ಮೊದಲಿನಂಗ ಇಳೀಲಿ, ಮೊಣಕಾಲಿಗೆ ಬರಲಿ, ಹೊರತೇನಿ ನಾ. ಗುರಸಿದ್ದಕ್ಕ ಕುಬಸಾ ಬಿಚ್ಚಿ ಹೊಲಿತಾಳ್ರಿ, ಏನೂ ಕೆಡಾಂಗಿಲ್ಲ. ಕೇಳ್ರಿ ಬೇಕಾದ್ರ ಆಕಿನ್ನ."

ಡಾಕ್ಟರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಹೊಲಿಗೆ ಬಿಚ್ಚಬಹುದು, ಕತ್ತರಿಸಿ ಬಿಸಾಕಿದ ಚೂರನ್ನು ಎಲ್ಲಿಂದ ತರುವುದು? ಡಾಕ್ಟರೇ ಹೇಳಿದರು, "ಆಗಂಗಿಲ್ಲ ತಂಗಿ. ನನ್ನ ಕೈಯಾಗ ಇಲ್ಲ." ಕಟ್ಟಿದ ಹಾಲು ಕೀವಾಗದಂತೆ ಎದೆಯನ್ನು ಬಿಗಿದು ಕಟ್ಟಿ ಬತ್ತಿಸಬೇಕು ಎಂದರು. ಗುಳಿಗೆ ಕೊಟ್ಟರು.

ಬರುವಾಗ ತೊರವಿಯ ಬೇವಿನಡಿ ಅದೇ ಮುದುಕ ಇದ್ದ. ಮಡಿಲಲ್ಲಿ ಕೂಸು ನೋಡಿ ಸಂತೋಷಪಟ್ಟ.

"ಏನಬೇ ಅಜ್ಜಿ, ಮೊಮ್ಮಗಳೇನು? ಚಲೋತ್ನಾಗಿ ಹಾಲು ಕುಡೀತಾಳಿಲ್ಲೋ?"

ಸಾವಂತ್ರವ್ವ ಬಾಯಿ ತೆರೆದಳು. ಇಲ್ಲವೆಂದು ಹೊದಿಸುವ ರೂಢಿಯ ಬಾಯಿ ಅದು. ಈಗ ಇಲ್ಲವೆಂದರೆ ಅದು ಖರೆಯೇ. ಹೌದೆಂದರೆ ಸುಳ್ಳು. ತೆರೆದ ಬಾಯನ್ನು ಹಾಗೆಯೇ ಮುಚ್ಚಿ, ಎತ್ತುಗಳ ಕಡೆ ನೋಡುತ್ತ ಕೂತಳು. ಮುದುಕ ಅವಳನ್ನು ಕಿವುಡಿಯೆಂದು ತಿಳಿದಿರಬೇಕು.

ಎದೆ ಬಿಗಿಯುವ ಪಟ್ಟಿಯನ್ನು ನಾನೇ ಹೊಲಿದೆ. ಹಳೆಯ ಇಳಕಲ್ ಸೀರೆಯ ಎರಡು ಪದರು, ಹಿಂದೆ ಲಾಡಿ. ಸಕ್ರವ್ವ ಎದುರಿಗೆ ನಿಂತಳು. "ಬಿಗಿ ಮಾಡ ಬೇ, ಇನ್ನೂ ಬಿಗಿ" ಎನ್ನುತ್ತಿದ್ದಳು. ನಾನು ಜಗ್ಗಿ ಕಟ್ಟಿದಷ್ಟಕ್ಕೂ ಅವಳಿಗೆ ಸಾಲದು.

ಅಷ್ಟರಲ್ಲಿ ಮಾಬುಬಿಯ ಕೂಸಿಗೆ ಜ್ವರ ಬಂದು, ಅವಳೂ ನಿದ್ದೆಗೆಟ್ಟು ಸೊರಗಿ, ಇಬ್ಬರಿಗೆ ಸಾಲುವಷ್ಟು ಹಾಲು ಇಲ್ಲದಾಯಿತು. ಅಮೋಘಿ ಬಬಲೇಶ್ವರದ ಸಂತೆಗೆ ಹೋಗಿ ಹೊಸದಾಗಿ ಈದ ಕರಿ ಆಡೊಂದನ್ನು ತಂದ. ಹಿಂಡಿ ಬಟ್ಟಲಲ್ಲಿ ಕೊಟ್ಟರೆ ಕೂಸು ಉಗುಳುತ್ತಿತ್ತು. ತಬ್ಬಲಿ ಮರಿಯನ್ನು ಬೇರೆ ತಾಯಿಗೆ ಹಚ್ಚುವುದು ಅಮೋಘಿಗೆ ಚಿಕ್ಕಂದಿನಿಂದ ಬಲ್ಲ ಕೆಲಸ. ಆಡಿನ ಕೆಚ್ಚಲು ತೊಳೆದು, ಸಕ್ರವ್ವನನ್ನು ಕಾಲು ಚಾಚಿಸಿ ಕೂರಿಸಿ, ಅವಳ ತೊಡೆಯ ಮೇಲೆ ಕೂಸನ್ನು ಮಲಗಿಸಿ, ಕೆಚ್ಚಲು ಕೂಸಿನ ಬಾಯಿಗೆ ಬರುವಂತೆ ಆಡನ್ನು ಮೇಲೆ ನಿಲ್ಲಿಸಿದ. ಕೂಸು ಮೂಸಿತು, ತಡಕಾಡಿತು, ಬಾಯಿ ಹಾಕಿತು. ಗುಟುಕಿನ ಸದ್ದು ಪಡಸಾಲೆಯ ತನಕ ಕೇಳಿತು.

ಸಾವಂತ್ರವ್ವ ಹೊರಗೆ ಹೋಗಿ ಬಿಸಿಲಲ್ಲಿ ನಿಂತಳು. ಆಮೇಲೆ ಅವಳು ಕಾಖಂಡಕಿಗೆ ಹೆಣ್ಣು ಕೊಡುವ ಮಾತನ್ನು ಎತ್ತಿದ್ದನ್ನು ನಾನು ಕೇಳಲಿಲ್ಲ.

ಈಗಿನ ಹೆಣ್ಣುಮಕ್ಕಳು ಎದೆ ಏರಿಸಿಕೊಳ್ಳುವ ಮಾತನ್ನು ನನ್ನೆದುರೇ ಆಡುತ್ತಾರೆ. ಬೇಡವೆಂದು ನಾನು ಹೇಳುವುದಿಲ್ಲ, ಸಕ್ರವ್ವ ಪಟ್ಟ ಸುಖವನ್ನೂ ಕಂಡವಳು ನಾನು. ಡಾಕ್ಟರು ಮಕ್ಕಳ ಮಾತು ಕೇಳಿದಾಗ ನೀನೇ ಬಾಯಿ ತೆರೆ, ಮನಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳು ಎನ್ನುತ್ತೇನೆ.

ಕೂಸು ಬೆಳೆಯಿತು. ಆಡಿನ ಕೊರಳಗಂಟೆ ಕೇಳಿದರೆ ತಾಯಿಯ ಮುಖ ಬಿಟ್ಟು ಆ ಕಡೆ ಕತ್ತು ತಿರುವುತ್ತಿತ್ತು. ಸಕ್ರವ್ವ ಆಗೆಲ್ಲ ಕಾಲು ಚಾಚಿ ಕೂತು, ಆಡಿನ ಕಾಲು ಹಿಡಿದುಕೊಳ್ಳುತ್ತಿದ್ದಳು. ಕುಡಿಯುವಾಗ ಕೂಸು ಒಂದು ಕೈ ಮೇಲೆ ಚಾಚಿ ತಾಯಿಯ ಎದೆಯ ಮೇಲೆ ಇಟ್ಟಿರುತ್ತಿತ್ತು. ಅಲ್ಲಿನ ಚರ್ಮಕ್ಕೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಕೈ ಅಲ್ಲಿದೆಯೋ ಇಲ್ಲವೋ ಎಂದು ಸಕ್ರವ್ವ ಮತ್ತೆ ಮತ್ತೆ ಕತ್ತು ಬಗ್ಗಿಸಿ ನೋಡಿಕೊಳ್ಳುತ್ತಿದ್ದಳು.